ಯೇಸಪ್ಪ ಮುಂದೆ ಅವ್ನೆ

ಸೋಲೂರಿನ ಹತ್ತಿರದ ನಮ್ಮೂರಿನಲ್ಲಿ, ಬೆಳಗಿನ ಹಾಲು ಹಾಕಲು ನಾವು ಕೆಲವು ಹೆಂಗಸರು ಒಟ್ಟಿಗೆ ಡೇರಿಗೆ ಹೋಗುತ್ತಿದ್ದೆವು. ಮುಂದೆ ನಡೆಯುತ್ತಿದ್ದವರು ನನ್ನ ಪಕ್ಕದ ಮನೆಯ ಅಕ್ಕ. ಊರಿಗೆಲ್ಲ ಅವರದೊಂದೇ ಕ್ರೈಸ್ತರ ಮನೆ.

ಚಿರತೆ ಓಡಾಡುತ್ತಿದೆ ಎಂಬ ಸುದ್ದಿ ಹಬ್ಬಿದ ಮೇಲೆ ನಾವು ಹೊರಡಲು ಹಿಂಜರಿದರೆ, ಅಕ್ಕ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, "ಯೇಸಪ್ಪ ಮುಂದೆ ಅವ್ನೆ, ನಡೀರವ್ವ" ಅನ್ನುತ್ತಿದ್ದರು. ಆಮೇಲೆ ಕ್ಯಾನಿನ ಮುಚ್ಚಳದ ಮೇಲೆ ತಾಳ ಹಾಕುತ್ತ ಚರ್ಚಿನ ಹಾಡು ಶುರು. ರಾಗ ಒಂದು ಕಡೆ, ತಾಳ ಒಂದು ಕಡೆ. ಚಿರತೆ ಊರು ಬಿಡಲು ಇಷ್ಟೇ ಸಾಕೆಂದು ನಾವು ಹಿಂದೆ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಅದು ನಿಜವಾಗಿಯೂ ರಸ್ತೆಯ ನಡುವೆ ನಿಂತಿತ್ತು. ನಮ್ಮ ನಗು ಅಡಗಿತು. ಅಕ್ಕನ ಹಾಡು ನಿಲ್ಲಲಿಲ್ಲ. ಚಿರತೆ ಒಮ್ಮೆ ನಮ್ಮತ್ತ ನೋಡಿ ರಾಗಿ ಹೊಲಕ್ಕೆ ಇಳಿದುಹೋಯಿತು.

ಡೇರಿ ತಲುಪಿದರೂ ಅಕ್ಕನ ಬೆರಳುಗಳು ಕ್ಯಾನಿನ ಹಿಡಿ ಬಿಡಲಿಲ್ಲ. ನಾನೇ ಒಂದೊಂದಾಗಿ ಬಿಡಿಸಿದೆ.

"ಇಷ್ಟೊಂದು ಹೆದ್ರಿದ್ರಾ ಅಕ್ಕ?"

"ಹೆದ್ರದೆ ಇರ್ತೀನೇನವ್ವ? ಹೆದ್ರಿಕೆ ಇಲ್ದಿದ್ರೆ ಅಂಗೆ ಗಂಟ್ಲು ಹರ್ಕೊಂಡು ಅವ್ನನ್ಯಾಕೆ ಕರೀತಿದ್ದೆ?"

ಮಾರನೆಯ ದಿನ ಆ ಹಾಡಿಗೆ ನಾವೂ ದನಿ ಸೇರಿಸಿದೆವು, ಅಕ್ಕನಿಗಿಂತ ಜೋರಾಗಿ.