ಹಗೇವಿನ ಬಾಯಿಗೆ ಕೂತ ಮುರಿಗೆವ್ವ

ತಿಕೋಟಾದಲ್ಲಿ ಹಗೇವು ತೆಗೆಯಬೇಕಾದರೆ ಮುರಿಗೆವ್ವನನ್ನು ಕರೆಯಬೇಕು ಎಂಬುದು ಆಮೇಲೆ ಬಂದ ಮಾತು. ನಲವತ್ತಾರನೇ ಇಸವಿಯ ತನಕ ಅವಳ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ.

ತವರು ಬಬಲೇಶ್ವರ. ಜೋಳ ತುಂಬಿಡುವ ನೆಲದೊಳಗಿನ ಆಳವಾದ ಗುಂಡಿಗಳನ್ನು, ಅಂದರೆ ಹಗೇವುಗಳನ್ನು, ಮುಚ್ಚುವುದು ತೆಗೆಯುವುದು ಅಪ್ಪನ ಕಸುಬು. ಗಂಡುಮಕ್ಕಳಿಲ್ಲದ ಅವನು ಮಗಳನ್ನೇ ಜತೆಗೆ ಕರೆದೊಯ್ದು ಎಲ್ಲ ಕಲಿಸಿದ್ದ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೂ ಅವಳಿಗೆ ಆ ಕೆಲಸದ ಆಸೆ ಹೋಗಲಿಲ್ಲ. ಸಿಂಗಾರದ ಆಸೆಯೂ ಅಷ್ಟೇ ಇತ್ತು ಅನ್ನಿ. ಕೈತುಂಬ ಹಸಿರು ಬಳೆ, ಮೂಗಿನಲ್ಲಿ ನತ್ತು, ಹೆರಳಿಗೆ ದಿನಾ ಹೂವು. ‘ಇಂಥಾ ಸಿಂಗಾರವ್ವ ಹಗೇವು ತಗೀತಾಳಂತ!’ ಎಂದು ಗಂಡಸರು ಕಿಸಕ್ಕನೆ ನಗುವರು. ನತ್ತು ತೆಗೆದಿಟ್ಟು ಹೋಗು, ಆಗಲಾದರೂ ಕೇಳಿಯಾರು ಎಂದು ಅತ್ತೆ ಹೇಳಿದರೆ, “ತಿಳಿವಳಿಕಿ ಮೂಗಿನಾಗ ಇರತೈತೇನ್ರಿ ಅತ್ತಿ?” ಎನ್ನುತ್ತಿದ್ದಳು.

ನಲವತ್ತಾರರ ಬೇಸಿಗೆಯಲ್ಲಿ ಬಸಗೊಂಡಪ್ಪ ಗೌಡರು ಮೂರು ವರ್ಷದಿಂದ ಮುಚ್ಚಿದ್ದ ಹಗೇವು ತೆಗೆಸಿದರು. ಜೋರಾಪುರ ಪೇಟೆಯ ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು ಬಂದು ಅವಸರ ಮಾಡುತ್ತಿದ್ದರು. ಮೇಲಿನ ಕಲ್ಲು ಸರಿಸಿದ್ದೇ ತಡ, ಆಳು ಗೊಲ್ಲಾಳಪ್ಪ ಇಳಿಯಲು ಕಚ್ಚೆ ಬಿಗಿದ. ಕಾಳು ಹಸನು ಮಾಡಲು ಬಂದ ಹೆಂಗಸರ ನಡುವಿನಿಂದ ಮುರಿಗೆವ್ವ ಕೂಗಿದಳು: “ಗೌಡ್ರ, ತಡೀರಿ! ಒಳಗಿನ ಹವಾ ಕೆಟ್ಟಿರತೈತಿ. ಮೊದಲ ದೀಪಾ ಇಳಸ್ರಿ. ದೀಪಾ ಆರಿತಂದ್ರ ಇಳದ ಮನಶ್ಯಾನೂ ಉಳಿಯೂದಿಲ್ಲ.”

“ಬಳಿ ತೊಟ್ಟಾಕಿ ನಮಗ ಹೇಳಾಕ ಬಂದ್ಲು! ಸರೀ ಬೇ ಅತ್ತಾಗ. ಗೊಲ್ಲಾಳಪ್ಪಾ, ಇಳೀಲೇ!” ಎಂದರು ಗೌಡರು.

ಮುರಿಗೆವ್ವ ಮಾತು ಬೆಳೆಸಲಿಲ್ಲ. ಸೀದಾ ಹೋಗಿ, ಒಬ್ಬ ಆಳು ಇಳಿಯುವಷ್ಟೇ ಅಗಲವಿದ್ದ ಹಗೇವಿನ ಬಾಯಿಗೆ ಅಡ್ಡವಾಗಿ ಕೂತುಬಿಟ್ಟಳು. ಗಂಡಸರು ಕಕ್ಕಾಬಿಕ್ಕಿ! ಕಂಡವರ ಹೆಂಡತಿಯ ಮೈಗೆ ಕೈ ಹಚ್ಚಿ ಎಬ್ಬಿಸುವ ಎದೆ ಯಾರಿಗಿದೆ?

“ಏಳತೀಯೋ ಇಲ್ಲೋ?” ಗೌಡರು ಗದರಿದರು.

“ದೀಪಾ ತರ್ರಿ, ಏಳತೇನಿ. ಇಲ್ಲಂದ್ರ ಹೊತ್ತು ಮುಣಗೂತನಕಾ ಇಲ್ಲೇ.”

ದೀಪ ಆರದಿದ್ದರೆ ಈ ಊರಲ್ಲಿ ತಾನು ಮತ್ತೆ ಬಾಯಿ ತೆರೆಯುವ ಹಾಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಏಳಲಿಲ್ಲ.

ಗೌಡರು ಹಲ್ಲು ಕಡಿಯುತ್ತ ದೀಪ ತರಿಸಿ, ಹಗ್ಗ ಕಟ್ಟಿ ಇಳಿಬಿಟ್ಟರು. ಎರಡು ಮಾರು ಇಳಿಯುವುದರೊಳಗೆ ದೀಪ ಕುಗ್ಗಿ ಪಕ್ಕನೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಗೊಲ್ಲಾಳಪ್ಪ ಹಗೇವಿನ ಬಾಯಿಯಿಂದ ಹಿಂದೆ ಸರಿದ. “ಯಪ್ಪಾ, ನಾ ಇಳದಿದ್ರ…” ಎಂದ.

ಅಲ್ಲಿಂದ ಮುಂದೆ ಹೇಳಿದವಳು ಮುರಿಗೆವ್ವ, ಕೇಳಿದವರು ಗಂಡಸರು. ಹಗ್ಗಕ್ಕೆ ಕೌದಿ ಕಟ್ಟಿಸಿ, ಮೇಲೆ ಕೆಳಗೆ ಎಳೆಸಿ ಹವಾ ಆಡಿಸಿದಳು. ಮಧ್ಯಾಹ್ನ ದಾಟಿದ ಮೇಲೆ ದೀಪ ತಳ ಮುಟ್ಟಿಯೂ ಉರಿಯಿತು. ಗೊಲ್ಲಾಳಪ್ಪನ ಸೊಂಟಕ್ಕೆ ತಾನೇ ಹಗ್ಗ ಬಿಗಿದು ಇಳಿಸಿದಳು. ಸಂಜೆಗೆ ಗಾಡಿಗಳು ತುಂಬಿದವು.

ಗೌಡರು ವ್ಯಾಪಾರಿಗಳ ಮುಂದೆ ಬಾಯಿತುಂಬ ಹೊಗಳಿದರು: “ಏನ ಅನ್ರಿ, ಈಕಿದು ಗಂಡಸಿನ ಗುಂಡಿಗಿ!”

ಮುರಿಗೆವ್ವನಿಗೆ ಬೆಳಗಿನ ಬೈಗುಳಕ್ಕಿಂತ ಈ ಹೊಗಳಿಕೆಯೇ ಹೆಚ್ಚು ಉರಿಯಿತು.

“ಗಂಡಸಿನ ಗುಂಡಿಗಿ ಮ್ಯಾಲ ನಿಂತು ‘ಇಳೀಲೇ’ ಅಂತಿತ್ರಿ ಗೌಡ್ರ. ಬಾಯಿಗೆ ಅಡ್ಡ ಕೂತಿದ್ದು ಹೆಂಗಸಿನ ಗುಂಡಿಗಿ.”

ಗೌಡರು ವ್ಯಾಪಾರಿಗಳ ಕಡೆ ನೋಡಲಿಲ್ಲ.

“ಖರೆ ಐತವಾ,” ಎಂದರು. “ಇನ್ನೊಂದು ಹಗೇವು ಐತಿ. ಯಾವಾಗ ತಗಸಲಿ, ಹೇಳು.”