ಶುಕ್ರವಾರದ ಎಣ್ಣೆನೀರು

ಸುಸ್ತು ಅಂದ ತಕ್ಷಣ ಎಲ್ಲರೂ ‘ನಮಗೂ ಆಗುತ್ತಮ್ಮ’ ಅನ್ನುತ್ತಾರೆ. ಆಗಲಿ, ಸಂತೋಷ. ನನ್ನದು ಆ ಸುಸ್ತಲ್ಲ. ಚೆನ್ನಾಗಿ ಗೊರಕೆ ಹೊಡೆದು ನಿದ್ದೆ ಮಾಡಿ, ಎದ್ದು ಹಲ್ಲುಜ್ಜಿ ಬರುವಷ್ಟರಲ್ಲಿ, ದಿನವಿಡೀ ಕಡಲೆಕಾಯಿ ಕಿತ್ತವಳ ಹಾಗೆ ಗೋಡೆಗೆ ಒರಗುವ ಸುಸ್ತು. ಬಾಚಣಿಗೆ ಹಿಡಿದ ಕೈ ತಲೆ ಮುಟ್ಟುವ ಮೊದಲೇ ಇಳಿದುಬಿಡುವ ಸುಸ್ತು. ಈಗ ಅದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ನಾಲಗೆ ಹೊರಳದ ಹೆಸರಿದೆ. ನರಗಳ ಕಾಯಿಲೆ, ವಾಸಿಯಾಗುವುದಿಲ್ಲ. ಬೆಂಗಳೂರಿನ ಡಾಕ್ಟರೊಬ್ಬರು ಆ ಹೆಸರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಎಪ್ಪತ್ತರ ದಶಕದಲ್ಲಿ, ಧರ್ಮಪುರದಲ್ಲಿ, ಅದನ್ನು ಸೋಮಾರಿತನ ಅನ್ನುತ್ತಿದ್ದರು.

ನಾನಾಗ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಮದುವೆಯಾಗಿ ಎರಡು ವರ್ಷ. ಗಂಡನಿಗೆ ಹೊಸದುರ್ಗದಲ್ಲಿ ಗುಮಾಸ್ತೆ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಉಳಿದಂತೆ ಮನೆಯಲ್ಲಿ ನಾನು, ನಮ್ಮತ್ತೆ. ಅತ್ತೆ ಕುರಿ ಕಾಯುವ ಮನೆತನದವರು, ಚಿಕ್ಕಂದಿನಿಂದ ಮಂದೆಯ ಹಿಂದೆ ನಡೆದವರು. ಬಾಯಿ ಜೋರು. ನನ್ನದೇನೂ ಕಡಿಮೆ ಇರಲಿಲ್ಲ.

ಊರಿನ ಡಾಕ್ಟರು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿ ‘ಎದ್ದು ಓಡಾಡಮ್ಮ, ಸರಿಹೋಗುತ್ತೆ’ ಎಂದರು. ಹಿರಿಯೂರಿನ ಡಾಕ್ಟರು ನಾಡಿ ಹಿಡಿಯುವ ಮೊದಲು ನನ್ನ ತಾಳಿ ನೋಡಿದರು. ‘ಮಕ್ಕಳಿಲ್ವಾ? ಒಂದು ಮಗುವಾಗ್ಲಿ, ಸುಸ್ತು ಗಿಸ್ತು ಎಲ್ಲ ಹೋಗುತ್ತೆ.’ ಮಗು ಹುಟ್ಟಿದರೆ ತಾಯಿಯ ಸುಸ್ತು ಕಡಿಮೆಯಾಗುತ್ತದೆ ಎಂದು ಕಂಡುಹಿಡಿದ ಮೊದಲ ಮನುಷ್ಯ ಅವರೇ ಇರಬೇಕು. ಒಂದು ಬಾಟಲಿ ಕೆಂಪು ಟಾನಿಕ್ ಕೊಟ್ಟರು. ಕುಡಿದೆ. ಹಸಿವು ಹೆಚ್ಚಾಯಿತು, ಸುಸ್ತು ಹಾಗೇ ಇತ್ತು. ಅತ್ತೆಗೆ ಇನ್ನೂ ಒಂದು ಮಾತು ಸಿಕ್ಕಿತು: ‘ಉಣ್ಣಾಕೆ ಬರ್ತೈತೆ, ಗೇಯಾಕೆ ಬರಲ್ಲ.’

ನನ್ನ ವಿರುದ್ಧ ಇದ್ದ ಅತಿ ದೊಡ್ಡ ಸಾಕ್ಷಿ ನನ್ನ ತವರೇ. ರಜೆಗೆ ಹೊಳಲ್ಕೆರೆ ಕಡೆಯ ಬಿ.ದುರ್ಗಕ್ಕೆ ಹೋದರೆ ನಾನು ಅಷ್ಟಿಷ್ಟು ಚೇತರಿಸಿಕೊಳ್ಳುತ್ತಿದ್ದೆ. ವಾಪಸ್ಸು ಬಂದು ವಾರವಾಗುವುದರೊಳಗೆ ಮತ್ತೆ ಗೋಡೆ. ‘ಅಲ್ಲಿದ್ರೆ ಗಟ್ಟಿ, ಇಲ್ಲಿಗೆ ಬಂದ್ರೆ ರೋಗ. ನಾಟಕಕ್ಕೂ ಒಂದು ಮಿತಿ ಬ್ಯಾಡ್ವಾ?’ ಎನ್ನುತ್ತಿದ್ದರು ಅತ್ತೆ. ನನಗೇ ಅನುಮಾನ ಬರತೊಡಗಿತ್ತು, ನಾನೇ ಕಳ್ಳಿಯೇನೋ ಎಂದು. ಅದಕ್ಕಿಂತ ದೊಡ್ಡ ಸಂಕಟ ನನ್ನ ಜೀವನದಲ್ಲಿ ಮತ್ತೊಂದಿಲ್ಲ.

ಕೊನೆಗೆ ಗಂಡ ಒಂದು ತೀರ್ಮಾನ ಮಾಡಿದರು. ಚಿತ್ರದುರ್ಗದ ದೊಡ್ಡ ಡಾಕ್ಟರಿಗೆ ತೋರಿಸುವುದು. ಅವರೂ ಏನಿಲ್ಲ ಎಂದರೆ ನಾನು ಕೆಲಸ ಬಿಡುವುದು. ರಾಜೀನಾಮೆ ಕಾಗದ ತಾವೇ ಬರೆದಿಟ್ಟರು, ನನ್ನ ಸಹಿ ಒಂದು ಬಾಕಿ. ಆ ಕೆಲಸ ನನ್ನ ಪ್ರಾಣ. ಮೂಗು ಸೋರುವ ಒಂದನೇ ಕ್ಲಾಸಿನ ಪಿಳ್ಳೆಗಳ ಬೆರಳು ಹಿಡಿದು ಮರಳಲ್ಲಿ ‘ಅ’ ತಿದ್ದಿಸುವಾಗ ಮಾತ್ರ ನಾನೂ ಒಬ್ಬ ಮನುಷ್ಯಳು ಅನ್ನಿಸುತ್ತಿತ್ತು.

ಚಿತ್ರದುರ್ಗಕ್ಕೆ ಅತ್ತೆ ಜೊತೆಗೆ ಬಂದರು. ದೊಡ್ಡ ಡಾಕ್ಟರು ನನ್ನ ಮೊಣಕಾಲಿಗೆ ಒಂದೆರಡು ಸಲ ತಟ್ಟಿ, ಕಣ್ಣಿಗೆ ಟಾರ್ಚು ಬಿಟ್ಟು, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು. ‘ಏನೂ ಇಲ್ಲಮ್ಮ. ಓದಿದ ಹುಡುಗಿ, ಮನೆಗೆಲಸ ಅಂದ್ರೆ ಬೇಜಾರು. ಸೋಮಾರಿತನಕ್ಕೆ ನನ್ನ ಹತ್ರ ಮದ್ದಿಲ್ಲ.’

ಆಗ ಆಯಿತು ನೋಡಿ. ನನ್ನನ್ನು ದಿನಕ್ಕೆ ಹತ್ತು ಸಲ ಸೋಮಾರಿ ಅನ್ನುವ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. ‘ನಾನಂದ್ರೆ ನಮ್ಮನೆ ಮಾತು. ನೀವು ಯಾರ್ರಿ ಅನ್ನಾಕೆ? ಮಂದೇಲಿ ಒಂದು ಕುರಿ ಹಿಂದೆ ಬಿದ್ರೆ ಅದನ್ನ ಸೋಮಾರಿ ಅಂತ ಯಾವ ಕುರಿ ಕಾಯೋನೂ ಅನ್ನಲ್ಲ. ಯಾಕೆ ಹಿಂದೆ ಬಿತ್ತು ಅಂತ ನೋಡ್ತಾನೆ. ನೀವು ಅಷ್ಟೂ ನೋಡ್ಲಿಲ್ವಲ್ರಿ! ನಡಿಯೇ, ಹೋಗಾಣ.’

ಹೇಳಿದ ಮೇಲೆ ಅವರಿಗೇ ತಮ್ಮ ಮಾತು ತಟ್ಟಿರಬೇಕು. ಬಸ್ಸು ಹಿರಿಯೂರು ದಾಟುವಾಗ, ‘ಆ ಕಾಗದಕ್ಕೆ ಒಂದು ತಿಂಗಳು ಸಹಿ ಹಾಕಬ್ಯಾಡ. ನಾನು ನೋಡ್ತೀನಿ’ ಎಂದರು.

ಅವರು ನೋಡುವ ರೀತಿಯೇ ಬೇರೆ. ಕುರಿ ಕಾಯಿಲೆ ಬಿದ್ದರೆ ಒಂದೊಂದೇ ಬಿಡಿಸಿ ನೋಡುವುದು ಅವರ ಪದ್ಧತಿ: ಮೊದಲು ಒಂದು ಸೊಪ್ಪು, ಆಮೇಲೆ ಇನ್ನೊಂದು, ಆಮೇಲೆ ನೀರು ಕುಡಿಸುವ ಜಾಗ. ನನಗೂ ಅದೇ ಆಯಿತು. ಮೊದಲ ವಾರ ಬದನೆಕಾಯಿ ನಿಂತಿತು, ಹೋಗಲಿ ಪೀಡೆ. ಎರಡನೇ ವಾರ ಕಾಫಿ ನಿಲ್ಲಿಸಿದರು. ಅಯ್ಯೋ, ಅವತ್ತು ನಾನು ಮಾಡಿದ ರಂಪಕ್ಕೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಎರಡೂ ವಾರ ಏನೂ ಬದಲಾಗಲಿಲ್ಲ. ಆದರೆ ಅತ್ತೆ ಒಂದು ವಿಷಯ ಕಂಡುಕೊಂಡರು: ವಾರದಲ್ಲಿ ಶುಕ್ರವಾರ ನಾನು ತೀರಾ ನೆಲ ಹಿಡಿಯುತ್ತಿದ್ದೆ.

ಶುಕ್ರವಾರ ಎಣ್ಣೆನೀರಿನ ದಿನ. ನನಗೆ ಶಕ್ತಿ ಬರಲಿ ಅಂತ ಅತ್ತೆ ಬೆಳಗ್ಗೆಯೇ ಹಂಡೆಯ ಕೆಳಗೆ ಕಡಲೆಕಾಯಿ ಸಿಪ್ಪೆ ಉರಿಸಿ, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಕುದಿಕುದಿ ನೀರನ್ನು ಹತ್ತಿಪ್ಪತ್ತು ತಂಬಿಗೆ ಹೊಯ್ಯುತ್ತಿದ್ದರು. ಆಮೇಲೆ ಶಾಲೆಯ ಹೊತ್ತಾಗುವವರೆಗೆ ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಎಣ್ಣೆನೀರಾದ ಮೇಲೆ ಯಾರಿಗಾದರೂ ಮಂಪರು ಬರುತ್ತದೆ, ಹಾಗಾಗಿ ನನಗೂ ಅವರಿಗೂ ಅನುಮಾನ ಬಂದಿರಲಿಲ್ಲ. ನಮ್ಮಮ್ಮನಿಗೋ ಹಂಡೆ ಉರಿಸುವುದೆಂದರೆ ಆಗದು. ತವರಲ್ಲಿ ಉಗುರುಬೆಚ್ಚಗಿನ ಎರಡು ಬಕೆಟ್ ನೀರಿಗೆ ಸ್ನಾನ ಮುಗಿಯುತ್ತಿತ್ತು.

ಮೂರನೇ ಶುಕ್ರವಾರ ಅತ್ತೆ ತಂಬಿಗೆ ಹೊಯ್ಯುತ್ತಾ ನನ್ನನ್ನೇ ನೋಡುತ್ತಿದ್ದರು. ನಾಲ್ಕೈದು ತಂಬಿಗೆಗೆ ನನ್ನ ಕೈ ತೊಡೆಯ ಮೇಲೆ ಬಿತ್ತು, ಕಣ್ಣು ಮಂಜಾಯಿತು, ಏಳು ಎಂದರೆ ಕಾಲು ಏಳಲಿಲ್ಲ. ಅತ್ತೆ ತಂಬಿಗೆ ಕೆಳಗಿಟ್ಟರು.

‘ನಡ್ಕಂಡು ಬಂದೋಳು ನೀನು’ ಎಂದರು. ‘ನೀರೇ ಕಣೇ. ವಾರ ವಾರ ನಾನೇ ನಿನ್ನ ಬೀಳಿಸ್ತಿದ್ನಲ್ಲೇ, ನನ್ನವ್ವ.’ ಒದ್ದೆ ಬಚ್ಚಲಲ್ಲೇ ನನ್ನ ಪಕ್ಕ ಕುಕ್ಕರಿಸಿ, ನನ್ನ ಸೀಗೆಪುಡಿಯ ತಲೆ ತಬ್ಬಿಕೊಂಡು ಅತ್ತರು. ನನಗೂ ಅಳು ಬಂತು, ಅರ್ಧ ಸೀಗೆಪುಡಿಯ ಉರಿಗೆ.

ಮುಂದಿನ ಶುಕ್ರವಾರ ಹಂಡೆ ಉರಿಯಲಿಲ್ಲ. ಅತ್ತೆ ಬಚ್ಚಲ ಬಾಗಿಲು ಹಾಕಿಕೊಂಡು, ದೇವರ ಹೆಸರು ಹೇಳಿಕೊಂಡು, ನನ್ನ ತಲೆಯ ಮೇಲೆ ಬಾವಿಯ ತಣ್ಣೀರು ಹೊಯ್ದರು. ನಮ್ಮ ಕಡೆ ತಲೆಗೆ ತಣ್ಣೀರು ಹೊಯ್ಯುವುದು ಯಾರಾದರೂ ಸತ್ತು ಮಣ್ಣಿಗೆ ಹೋಗಿ ಬಂದ ದಿನ ಮಾತ್ರ. ಮುತ್ತೈದೆ ಸೊಸೆಗೆ ಶುಕ್ರವಾರ ಹೊಯ್ಯುವುದೆಂದರೆ ಸಣ್ಣ ಮಾತಲ್ಲ. ಚಳಿಗೆ ಕಿರುಚಿಕೊಂಡೆ. ಆಮೇಲೆ ಎದ್ದು ನಿಂತೆ, ನನ್ನ ಕಾಲ ಮೇಲೆ ನಾನೇ. ಸೀರೆ ಉಟ್ಟು, ಜಡೆ ಹಾಕಿ, ಶಾಲೆಯ ಚೀಲ ತಗೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ಆ ರಾಜೀನಾಮೆ ಕಾಗದವನ್ನು ಒಲೆಗೆ ಹಾಕಿಯಾಗಿತ್ತು.

ಪಕ್ಕದ ಮನೆಯಾಕೆ ಜಗಲಿಯ ಮೇಲಿದ್ದರು. ನಮ್ಮ ಬಚ್ಚಲಿಂದ ಹೊಗೆ ಬಂದಿಲ್ಲ, ನನ್ನ ತಲೆ ನೋಡಿದರೆ ಒದ್ದೆ. ಗಾಬರಿಯಾಗಿ ಅತ್ತೆಯನ್ನು ಕೇಳಿದರು, ‘ಯಾರು ಸತ್ರೇ?’

‘ಯಾರೂ ಸತ್ತಿಲ್ಲ’ ಎಂದರು ಅತ್ತೆ, ಇಡೀ ಬೀದಿಗೆ ಕೇಳುವ ಹಾಗೆ. ‘ನನ್ನ ಸೊಸೆಗೆ ಕಾಯಿಲೆ ಐತೆ. ಬಿಸಿನೀರು ಆಗಲ್ಲ. ಅವಳನ್ನ ಸೋಮಾರಿ ಅಂದೋರ ಬಾಯಿಗೆ ಮಣ್ಣು ಬೀಳ್ಲಿ. ಮೊದ್ಲು ನನ್ನ ಬಾಯಿಗೆ ಬೀಳ್ಲಿ.’

ಕಾಯಿಲೆ ಇದೆ ಅನ್ನಿಸಿಕೊಂಡು ಅಷ್ಟು ಖುಷಿಪಟ್ಟ ಹೆಂಗಸು ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ದಾರಿಯುದ್ದಕ್ಕೂ ಅಳು ತಡೆಯಲಿಲ್ಲ. ಒಂದನೇ ಕ್ಲಾಸಿನ ಬಾಗಿಲಲ್ಲಿ ನನ್ನ ಮುಖ ನೋಡಿ ಪಿಳ್ಳೆಗಳೆಲ್ಲ ಎದ್ದು ನಿಂತು ಕೇಳಿದವು, ‘ಟೀಚರ್, ನಿಮಗೆ ಯಾರು ಹೊಡುದ್ರು?’