ಅಕ್ಕಯಮ್ಮ ಹೇಳಿದ್ದು ಅದಲ್ಲ

ಅಕ್ಕಯಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಶಿಡ್ಲಘಟ್ಟದಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಚಿಕ್ಕಬಳ್ಳಾಪುರದ ಸಭೆಯಲ್ಲಿ ಅವರು ಕೂಗಾಡಿದ ವಿಡಿಯೊ ಎಲ್ಲರ ಫೋನಿಗೂ ಬಂದ ಮೇಲೆ ಹುಟ್ಟಿದ ಮಾತಿದು. ನಾನು ಅವರ ಕಾಲೊನಿಯ ಪಕ್ಕದ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅವರ ಮಗಳು ಲಾವಣ್ಯಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ. ಆ ಹೆಂಗಸು ದನಿ ಎತ್ತಿ ಮಾತಾಡಿದ್ದನ್ನು ಆ ದಿನದವರೆಗೆ ನಾನು ಕೇಳಿರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಬರೆಯುವಾಗ ನನಗೂ ಸಿಟ್ಟು ಬರುತ್ತದೆ, ಬರಲಿ.

ಅಕ್ಕಯಮ್ಮನಿಗೆ ಐವತ್ತನಾಲ್ಕು ವರ್ಷ. ಹನ್ನೊಂದನೇ ವಯಸ್ಸಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರುಗಳಲ್ಲಿ ಕೆಲಸ. ಬೇಸಿನ್ನಿನ ಬಿಸಿನೀರಲ್ಲಿ ತೇಲುವ ಗೂಡುಗಳೊಳಗೆ ಬೆರಳಾಡಿಸಿ, ಎಳೆ ಹುಡುಕಿ, ತಿರುಗುವ ರಾಟೆಗೆ ಕೊಡುವುದು. ಬೆಳಗ್ಗೆಯಿಂದ ಸಂಜೆವರೆಗೆ ಅದೇ. ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ಅವರನ್ನು ಗುರುತಿಸುವುದಿಲ್ಲ. ಗಂಡ ಕೋನಪ್ಪ ಬೇಗ ತೀರಿಕೊಂಡ ಮೇಲೆ ಅದೇ ಕೈಗಳಲ್ಲಿ ಮಗಳನ್ನು ಓದಿಸಿದರು. ಲಾವಣ್ಯ ಈಗ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ.

ಎರಡು ವರ್ಷದ ಕೆಳಗೆ ಜಪಾನಿನಿಂದ ಆರು ಜನ ಸಿನಿಮಾ ತೆಗೆಯಲು ಬಂದರು. ದೊಡ್ಡ ಕಂಪನಿಯವರಲ್ಲ. ಲೈಟು ಹೊರುವವರೂ ಅವರೇ, ಮಧ್ಯಾಹ್ನ ತಟ್ಟೆ ತೊಳೆಯುವವರೂ ಅವರೇ. ನಿರ್ದೇಶಕಿ ಕಜುಯೊಗೆ ನಲವತ್ತರ ಆಸುಪಾಸು. ಆಕೆಯ ಅಜ್ಜಿ ಜಪಾನಿನ ಗುಡ್ಡಗಾಡಿನ ಯಾವುದೋ ರೇಷ್ಮೆ ಮಿಲ್ಲಿನಲ್ಲಿ ನೂಲು ತೆಗೆಯುತ್ತಿದ್ದವಳಂತೆ. ಅಜ್ಜಿ ಸತ್ತ ಮೇಲೆ ಅವಳ ಕೆಲಸ ಎಂಥದಿತ್ತೆಂದು ತಿಳಿಯಲು ಮೊಮ್ಮಗಳೊಬ್ಬಳು ಇಂಡಿಯಾದ ರೇಷ್ಮೆ ಊರಿಗೆ ಬರುತ್ತಾಳೆ. ಅದು ಕಥೆ. ಮೊಮ್ಮಗಳ ಪಾತ್ರಕ್ಕೆ ಚಿನಾತ್ಸು ಎಂಬ ಹುಡುಗಿ.

ಇವರಿಗೆಲ್ಲ ಇಲ್ಲಿ ಕಣ್ಣು, ಕಿವಿ, ಬಾಯಿ ಆಗಿದ್ದವನು ಮೋಹನ್‌ಬಾಬು. ನಂದಿಯ ಹತ್ತಿರ ದ್ರಾಕ್ಷಿ ತೋಟವಿರುವ ಮನೆತನ, ತೋಟದ ಪಕ್ಕದಲ್ಲೇ ಹೋಂಸ್ಟೇ, ನೀರು ಕುಡಿದ ಹಾಗೆ ಇಂಗ್ಲಿಷು. ಅಕ್ಕಯಮ್ಮ ಕೆಲಸ ಮಾಡುತ್ತಿದ್ದ ಫಿಲೇಚರಿನಲ್ಲಿ ಶೂಟಿಂಗಿಗೆ ಒಪ್ಪಿಸಿದವನೂ ಅವನೇ. ಅದರ ಮಾಲೀಕ ಅವನ ಸ್ನೇಹಿತ.

ಅಕ್ಕಯಮ್ಮನನ್ನು ಮೊದಲು ಕರೆದದ್ದು ಚಿನಾತ್ಸುಗೆ ಕೆಲಸ ಕಲಿಸಲು. ಹುಡುಗಿ ಹಟಮಾರಿ. ಮೂರು ವಾರ ದಿನಾ ಬೇಸಿನ್ ಮುಂದೆ ಕೂತು ಬೆರಳೆಲ್ಲ ಬೊಬ್ಬೆ ಎಬ್ಬಿಸಿಕೊಂಡಳು. ಭಾಷೆ ಬಾರದಿದ್ದರೂ ಅಕ್ಕಯಮ್ಮ ಅವಳ ಕೈ ಹಿಡಿದು ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಅದನ್ನು ನೋಡಿದ ಕಜುಯೊ, ಈಕೆಯೂ ಸಿನಿಮಾದಲ್ಲಿ ಇರಲಿ ಎಂದಳು. ಕಥೆಯ ಸತ್ತ ಅಜ್ಜಿಯ ಜಾಗದಲ್ಲಿ ನಿಲ್ಲುವ ಪಾತ್ರ. ಬರೆದು ಕೊಟ್ಟ ಮಾತಿಲ್ಲ. "ನಿಮ್ಮ ತಾಯಿ ಬಗ್ಗೆ ಏನು ಹೇಳಬೇಕು ಅನ್ನಿಸುತ್ತೋ ಅದನ್ನೇ ಈ ಹುಡುಗಿಗೆ ಹೇಳಿ" ಅಂದಳಂತೆ, ಮೋಹನ್‌ಬಾಬು ಮೂಲಕ.

ಅಕ್ಕಯಮ್ಮ ಹೇಳಿದರು. ಮಗಳಿಗೂ ಪೂರ್ತಿ ಹೇಳದೇ ಇದ್ದದ್ದನ್ನು ಕ್ಯಾಮೆರಾ ಮುಂದೆ ಹೇಳಿದರು.

"ನಮ್ಮಮ್ಮ ಮಂಗಮ್ಮ ಇಂಥದೇ ಬೇಸಿನ್ ಮುಂದೆ ಕೂರ್ತಿದ್ಲು. ಈ ಹಬೆ, ಈ ಹುಳದ ನಾತ ಕುಡ್ದು ಕುಡ್ದು ಉಬ್ಬಸ ಬಂತು. ಒಂದಿನ ಉಸಿರು ಸಿಕ್ಕಾಕ್ಕೊಂಡು ಇಲ್ಲೇ ಬಿದ್ದೋದ್ಲು. ನಂಗೆ ಹದಿನಾಲ್ಕು. ಆಸ್ಪತ್ರೆಗೆ ಕರ್ಕೊಂಡೋಗ್ತೀನಿ ಸಾಮಿ ಅಂದೆ. ಬೇಸಿನ್ನಾಗಿರೋ ಗೂಡು ಕೆಟ್ಟೋಗ್ತದೆ, ಮುಗಿಸಿ ಹೋಗು ಅಂದ ಸಾವ್ಕಾರ. ಮುಗಿಸ್ದೆ. ಅವಳು ನೆಲದ ಮೇಲೆ ಗೊರಗೊರ ಅಂತಿದ್ಲು, ನಾನು ಬೆನ್ನು ಮಾಡ್ಕೊಂಡು ಗೂಡು ಮುಗಿಸ್ದೆ. ಆಸ್ಪತ್ರೆ ಬಾಗ್ಲಿಗೆ ಹೋಗೋಷ್ಟ್ರಲ್ಲಿ ಜೀವ ಹೋಗಿತ್ತು. ಇವತ್ತಿಗೂ ನಾನು ರೇಷ್ಮೆ ಸೀರೆ ಮೈಗೆ ತಾಗ್ಸಿಲ್ಲ. ಯಾರು ಕೊಟ್ರೂ ಉಡಲ್ಲ."

ಹೇಳಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಚಿನಾತ್ಸು ಮೆಲ್ಲಗೆ ನಗುತ್ತಾ ಕೂತಿದ್ದಳು. ಅವರ ದೇಶದ ರೀತಿ ಹಾಗಿರಬೇಕು ಅಂದುಕೊಂಡು ಅಕ್ಕಯಮ್ಮ ಎದ್ದು ಬಂದರು.

ಒಂದೂವರೆ ವರ್ಷ ಕಳೆಯಿತು. ಸಿನಿಮಾ ಅಲ್ಲೆಲ್ಲೋ ತೋರಿಸಿದರಂತೆ, ಜನ ಮೆಚ್ಚಿದರಂತೆ ಎಂಬ ಸುದ್ದಿ ಬಂತು. ಆಮೇಲೆ ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ ಪ್ರದರ್ಶನ ಇಟ್ಟರು. ಕಜುಯೊ, ಚಿನಾತ್ಸು ಇಬ್ಬರೂ ಬಂದಿದ್ದರು. ಫಿಲೇಚರಿನ ಮಾಲೀಕ ಮುಂದಿನ ಸಾಲಿನಲ್ಲಿ, ಮೋಹನ್‌ಬಾಬು ಮೈಕಿನ ಹತ್ತಿರ. ಅಕ್ಕಯಮ್ಮ, ಲಾವಣ್ಯ ಮತ್ತು ನಾನು ಹಿಂದಿನಿಂದ ಮೂರನೇ ಸಾಲಿನಲ್ಲಿ.

ಸಿನಿಮಾ ಚೆನ್ನಾಗಿಯೇ ಇತ್ತು. ಅಕ್ಕಯಮ್ಮನ ಮುಖ ಪರದೆ ತುಂಬ ಬಂದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಮಾತಾಡತೊಡಗಿದರು, ಕೆಳಗೆ ಇಂಗ್ಲಿಷ್ ಅಕ್ಷರ ಓಡತೊಡಗಿತು. ಪಕ್ಕದಲ್ಲಿದ್ದ ಲಾವಣ್ಯ ನನ್ನ ಮಣಿಕಟ್ಟು ಹಿಡಿದುಕೊಂಡಳು. ಉಗುರು ಚುಚ್ಚಿತು.

ಪರದೆಯ ಮೇಲೆ ಇದ್ದದ್ದು ಹೀಗೆ: ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದೆಂದು ತಾಯಿ ಕಲಿಸಿದಳು. ಆಕೆ ಕಾಯಿಲೆ ಬಿದ್ದ ದಿನವೂ ನಾನು ಕೆಲಸ ಮುಗಿಸಿಯೇ ಎದ್ದೆ. ರೇಷ್ಮೆ ನಮಗೆ ದೇವರು. ಅದನ್ನು ಉಡುವಷ್ಟು ದೊಡ್ಡವರು ನಾವಲ್ಲ.

"ಏನೇ ಅದು? ಏನ್ ಬರ್ದವ್ರೆ?" ಅಕ್ಕಯಮ್ಮ ಕೇಳಿದರು.

ಲಾವಣ್ಯ ಕಿವಿಯಲ್ಲಿ ಹೇಳಿದಳು. ಅಕ್ಕಯಮ್ಮ ಇನ್ನೊಂದು ಸಲ ಹೇಳಿಸಿಕೊಂಡರು. ಪರದೆಯ ಮೇಲೆ ಚಿನಾತ್ಸು ಮೆಲ್ಲಗೆ ನಗುತ್ತಿದ್ದಳು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅಕ್ಕಯಮ್ಮ ಎದ್ದು ನಿಂತರು.

"ಅಂತಾ ಅಬದ್ಧಮು!" ಅವರ ತಾಯಿಯ ಕಡೆ ತೆಲುಗು. ಸಿಟ್ಟು ಬಾಯಿಗೆ ಬಂದದ್ದು ಆ ಭಾಷೆಯಲ್ಲೇ. "ಎಲ್ಲಾ ಸುಳ್ಳು! ನಿಲ್ಸಿ ಇದನ್ನ! ನಾನು ಹೇಳಿದ್ದು ಇದಲ್ಲ!"

ಯಾರೋ ದೀಪ ಹಾಕಿದರು. ಮೋಹನ್‌ಬಾಬು ಕೈ ಎತ್ತಿಕೊಂಡು ಓಡಿಬಂದ. "ಅಕ್ಕಯಮ್ಮ, ಕೂತ್ಕೊಳಮ್ಮ. ಮುಗೀಲಿ, ಆಮೇಲೆ ಮಾತಾಡಣ."

"ನೀನು ಬರ್ದಿದ್ದಾ ಅದು?"

"ಅರ್ಥ ಅದೇ ಕಣಮ್ಮ. ಸ್ವಲ್ಪ ನಾಜೂಕಾಗಿ ಬರ್ದೆ, ಅಷ್ಟೇ. ಹೊರದೇಶದವರ ಮುಂದೆ ನಮ್ಮೂರಿನ ಮಾನ ಹರಾಜಾಕಕ್ಕಾಗ್ತದಾ?"

"ನಮ್ಮಮ್ಮ ಸತ್ತಿದ್ದನ್ನ ನಾಜೂಕ್ ಮಾಡಕ್ಕೆ ನೀನ್ ಯಾರು? ಉಡೋಷ್ಟು ದೊಡ್ಡೋರಲ್ಲ ಅಂದ್ನಾ ನಾನು? ಉಡಲ್ಲ ಅಂದೆ. ಉಡಲ್ಲ! ಅದು ಬೇರೆ, ಇದು ಬೇರೆ. ನಿಂಗೆ ಗೊತ್ತು ಬೇರೆ ಅಂತ. ಅದಕ್ಕೇ ಬದಲಾಯಿಸ್ದೆ. ನಮ್ಮಮ್ಮನ್ನ ಒಂದ್ಸಲ ಸಾವ್ಕಾರ ಕೊಂದ. ಈಗ ನೀನು."

ಮಾಲೀಕ ಎದ್ದು ಹೊರಗೆ ಹೋದ. ಆಗಿನ ಸಾವ್ಕಾರ ಅವನ ಅಪ್ಪ. ಅದು ಕಜುಯೊಗೆ ಗೊತ್ತಿರಲಿಲ್ಲ, ಮೋಹನ್‌ಬಾಬುಗೆ ಗೊತ್ತಿತ್ತು.

ಲಾವಣ್ಯ ನೇರ ವೇದಿಕೆಗೆ ಹೋಗಿ, ತಾಯಿ ಹೇಳಿದ್ದನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದಳು. ದನಿ ನಡುಗಲಿಲ್ಲ. ಕಜುಯೊ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು. ಕಜುಯೊಳಿಂದ ಅದನ್ನು ಜಪಾನಿಯಲ್ಲಿ ತಿಳಿದುಕೊಂಡ ಚಿನಾತ್ಸು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಶೂಟಿಂಗಿನ ದಿನ ಮೋಹನ್‌ಬಾಬು ಅವಳಿಗೆ, ಈಕೆ ರೇಷ್ಮೆಯನ್ನು ಹೊಗಳುತ್ತಾಳೆ, ಪ್ರೀತಿಯಿಂದ ಕೇಳಿಸಿಕೊಳ್ಳಿ ಎಂದಿದ್ದನಂತೆ.

ಮಾರನೆಯ ದಿನ ಇಬ್ಬರೂ ಕಾಲೊನಿಗೆ ಬಂದರು, ಮೋಹನ್‌ಬಾಬು ಇಲ್ಲದೆ. ಕಜುಯೊ ಬಾಗಿಲಲ್ಲೇ ಸೊಂಟ ಬಗ್ಗಿಸಿ ನಿಂತಳು, ಬಹಳ ಹೊತ್ತು. ಅಕ್ಕಯಮ್ಮನ ಸಿಟ್ಟು ಅದಕ್ಕೆಲ್ಲ ಇಳಿಯಲಿಲ್ಲ.

"ಒಬ್ಬ ಹೇಳಿದ್ದನ್ನ ನಂಬ್ಕೊಂಡು ಹೋದ್ಯಲ್ಲಮ್ಮ. ಇನ್ನೊಬ್ಬರನ್ನ ಕೇಳ್ಬಾರ್ದಿತ್ತಾ? ಕನ್ನಡ ಬರೋರು ಅವನೊಬ್ಬನೇನಾ ಭೂಮಿ ಮೇಲೆ?"

ಲಾವಣ್ಯ ಅದನ್ನೂ ಹಾಗೇ ಹೇಳಿದಳು. "ಕೇಳಬೇಕಿತ್ತು" ಅಂದಳು ಕಜುಯೊ. "ಚೆಂದದ ಮಾತು ಸಿಕ್ಕಿತು ಅಂತ ಖುಷಿಯಾಗಿಬಿಟ್ಟೆ. ತಪ್ಪು ನನ್ನದೂ ಇದೆ." ಆಮೇಲೆ, ಆ ದೃಶ್ಯ ಇನ್ನೊಂದು ಸಲ ತೆಗೆಯೋಣವೇ, ಚಿನಾತ್ಸು ಈಗ ಅರ್ಥ ಗೊತ್ತಿದ್ದು ಕೇಳಿಸಿಕೊಳ್ಳುತ್ತಾಳೆ ಎಂದಳು.

"ಆಗಲ್ಲ" ಅಂದರು ಅಕ್ಕಯಮ್ಮ. "ನಮ್ಮಮ್ಮನ ಸಾವನ್ನ ನಾನು ಎರಡ್ಸಲ ಹೇಳಲ್ಲ. ಅದು ನಾಟಕ ಅಲ್ಲ. ಅಕ್ಷರ ಸರಿ ಮಾಡು. ಅವಳು ನಕ್ಕಿದ್ದು ಹಂಗೇ ಇರ್ಲಿ. ನೋಡೋರು ನೋಡ್ಲಿ."

ಚಿನಾತ್ಸು ತಲೆಯಾಡಿಸಿದಳು. ಆ ನಗು ತೆಗೆಸಿಹಾಕಿ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

ಎರಡು ದಿನ ಲಾವಣ್ಯ, ಕಜುಯೊ ಆ ಮನೆಯ ಚಾಪೆಯ ಮೇಲೆ ಕೂತು ಇಡೀ ಸಿನಿಮಾದ ಇಂಗ್ಲಿಷ್ ಅಕ್ಷರವನ್ನೆಲ್ಲ ಹೊಸದಾಗಿ ಬರೆದರು. ಹಾಳಾಗಿದ್ದದ್ದು ಆ ಒಂದು ಜಾಗ ಮಾತ್ರ ಅಲ್ಲ. ಇನ್ನೂ ಹನ್ನೆರಡು ಕಡೆ ಸಿಕ್ಕಿತು. ಕೆಲಸದ ಹೆಂಗಸರು ಬೈದಲ್ಲೆಲ್ಲ ಮೋಹನ್‌ಬಾಬು ಅವರ ಬಾಯಲ್ಲಿ ಹಾಡು, ಹರಕೆ ಇಟ್ಟಿದ್ದ.

ಇತ್ತ ಸೋಮವಾರ ಬೆಳಗ್ಗೆ ಫಿಲೇಚರಿನ ಗೇಟಿನಲ್ಲೇ ಅಕ್ಕಯಮ್ಮನನ್ನು ತಡೆದರು. "ಇನ್ಮೇಲೆ ಬರೋದು ಬೇಡ." ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಈಗ ಚಿಂತಾಮಣಿ ರಸ್ತೆಯ ಒಂದು ಹಳ್ಳಿಯ ಸಣ್ಣ ಘಟಕಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮೋಹನ್‌ಬಾಬು ಎಂದಿನಂತೆ ಸಭೆಗಳಲ್ಲಿ ಮೈಕು ಹಿಡಿಯುತ್ತಾನೆ. ಅವನಿಗೆ ಏನೂ ಆಗಲಿಲ್ಲ.

ಸರಿ ಮಾಡಿದ ಸಿನಿಮಾ ಮೊನ್ನೆ ಬಂತು. ಒಂದು ಭಾನುವಾರ ಮಧ್ಯಾಹ್ನ ಶಿಡ್ಲಘಟ್ಟದ ಅಂಬೇಡ್ಕರ್ ಭವನದಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ಅದನ್ನು ತೋರಿಸಿದೆವು. ಫಿಲೇಚರಿನ ಹೆಂಗಸರೇ ಎಂಬತ್ತು ಜನ. ಅವರಿಗೆ ಕೆಳಗಿನ ಅಕ್ಷರ ಬೇಕಿರಲಿಲ್ಲ. ಮಾತು ಅವರದೇ. ಚಿನಾತ್ಸು ನಕ್ಕಾಗ ಯಾರೋ "ಥೂ" ಎಂದರು. ನಿಜ ಏನೆಂದು ಲಾವಣ್ಯ ಎದ್ದು ಹೇಳಬೇಕಾಯಿತು.

ಮುಗಿದ ಮೇಲೆ ಮುನಿಶಾಮಮ್ಮ ಎಂಬ ಮುದುಕಿ ಗೋಡೆ ಹಿಡಿದುಕೊಂಡು ಅಕ್ಕಯಮ್ಮನ ಹತ್ತಿರ ಬಂದಳು.

"ಅವತ್ತು ಪಕ್ಕದ ಬೇಸಿನ್ನಾಗೆ ನಾನಿದ್ದೆ ಕಣೇ ಅಕ್ಕಯ್ಯ. ನಿಮ್ಮಮ್ಮನ ತಲೆ ನನ್ ಕಾಲ್ ಮೇಲಿತ್ತು."

ಅಕ್ಕಯಮ್ಮ ಅವಳನ್ನು ದುರುದುರು ನೋಡಿದರು. "ನಲವತ್ತು ವರ್ಷ ಎಲ್ಲಿದ್ದೆ ನೀನು? ಬಾಯಿಗೆ ಏನಿಟ್ಕೊಂಡಿದ್ದೆ?"

"ಕೆಲ್ಸ ಹೋಗ್ತದೆ ಅಂತ ಭಯ ಕಣೇ."

"ಭಯ ನಂಗಿರ್ಲಿಲ್ವಾ?"

ಆಮೇಲೆ ಅಕ್ಕಯಮ್ಮನೇ, ಸಿಟ್ಟಿನಲ್ಲೇ, ಕೇಳಿದರು: "ನಮ್ಮಮ್ಮ ಏನಾದ್ರೂ ಅಂದ್ಲಾ? ನಾನು ಆ ಕಡೆ ತಿರುಗಿದ್ದೆ. ನಂಗೆ ಕೇಳ್ಸ್ಲಿಲ್ಲ."

"ಮಗೀಗೆ ಕೈ ಸುಡ್ತದೆ, ನೀರಿಗೆ ತಣ್ಣೀರು ಬೆರೆಸ್ರೋ ಅಂತಿದ್ಲು. ಅದೊಂದೇ ಮಾತು. ಮೂರ್ನಾಲ್ಕು ಸಲ ಅಂದ್ಲು."

ಅಕ್ಕಯಮ್ಮ ಅಳಲಿಲ್ಲ. ಬಾಗಿಲ ಬಳಿಯ ಕುರ್ಚಿ ಎಳೆದು ಮುನಿಶಾಮಮ್ಮನನ್ನು ಕೂರಿಸಿ, ತಾವು ನೆಲದ ಮೇಲೆ ಎದುರಿಗೆ ಕೂತರು.

"ಮೊದಲಿಂದ ಹೇಳು" ಎಂದರು. "ಒಂದಕ್ಷರ ಬಿಡ್ಬೇಡ. ಲಾವಣ್ಯ, ಬರ್ಕೊಳ್ಳೇ."